ಲೆನೋರಾಳ ಕೂಗು

ಇಂಗ್ಲೆಂಡಿನ ಡರ್ಬಿಯ ನಮ್ಮ ರೈಲು ಶೆಡ್ಡಿನಲ್ಲಿ ಲೆನೋರಾ ಓಕ್ಡನ್ ಬಾಯಿ ಬಿಟ್ಟರೆ ಸಾಕು, ಗೇಲಿ ಶುರು. ಅವಳು ಹುಟ್ಟಿದ್ದು ಅಮೆರಿಕದಲ್ಲಿ. ಯುದ್ಧಕಾಲದಲ್ಲಿ ಅಲ್ಲಿನ ರೈಲು ಕಾರ್ಖಾನೆಯಲ್ಲಿ, ಕ್ರೇನಿನಿಂದ ರೈಲುಡಬ್ಬಿ ಇಳಿಸುವಾಗ ಕೂಗಿ ದಾರಿ ತೋರಿಸುವ ಕೆಲಸ ಅವಳದು. ಡರ್ಬಿಯ ನಾವಿಕನನ್ನು ಮದುವೆಯಾಗಿ ಬಂದವಳಿಗೆ ಇಲ್ಲಿ ಸಿಕ್ಕಿದ್ದು ಕಸ ಗುಡಿಸುವ ಕೆಲಸ. "ಕೂಗೋದು ನನ್ನ ಕಸುಬು, ಕೊಡಿ" ಎಂದು ವರ್ಷಗಟ್ಟಲೆ ಬೆನ್ನು ಬಿದ್ದರೂ ಮೇಸ್ತ್ರಿ ಸಿರಿಲ್ ಬ್ಯಾಗ್‌ಶಾ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

ಡಬ್ಬಿಯ ಕೆಳಗಿನ ಗಾಲಿಚೌಕಟ್ಟಿಗೆ ಡರ್ಬಿಯಲ್ಲಿ ಬೋಗಿ ಎನ್ನುತ್ತೇವೆ. ಕನ್ನಡದಲ್ಲಿ ಇಡೀ ಡಬ್ಬಿಗೇ ಬೋಗಿ ಅಂದುಬಿಡುತ್ತಾರೆ, ಅದು ಹಾಗಿರಲಿ. ಅಮೆರಿಕದ ಲೆನೋರಾಳಿಗೆ ಆ ಗಾಲಿಚೌಕಟ್ಟು ಟ್ರಕ್ಕು. ಡಬ್ಬಿಯ ತುದಿಯ ಅಡ್ಡತೊಲೆ ನಮಗೆ ಹೆಡ್‌ಸ್ಟಾಕ್, ಅವಳಿಗೆ ಎಂಡ್ ಸಿಲ್. ಟೀ ಹೊತ್ತಿಗೆ ಕ್ರೇನು ನಡೆಸುವ ವಿಲ್ಫ್ ಗ್ರಾಟನ್ ಅವಳಂತೆ ಮೂಗಿನಲ್ಲಿ ರಾಗ ಎಳೆಯುತ್ತಿದ್ದ: "ಅಕ್ಕಾ, ನನ್ನ ಬನ್ನು ನಿನ್ನ ಟ್ರಕ್ಕಿನ ಕೆಳಗೆ ಬಿತ್ತಲ್ಲೇ, ಎಂಡ್ ಸಿಲ್ ಮೇಲೆ ಟೀ ಚೆಲ್ತಲ್ಲೇ." ನಾವೆಲ್ಲ ದನಿಗೂಡಿಸುತ್ತಿದ್ದೆವು.

"ನಗ್ರಪ್ಪ ನಗ್ರಿ, ಹಲ್ಲಿಗೂ ಗಾಳಿ ಬೇಕಲ್ಲ" ಎನ್ನುತ್ತಿದ್ದಳು ಅವಳು.

ಒಂದು ದಿನ ಕೂಗುವವನು ಜ್ವರ ಬಂದು ಮಲಗಿದ. ಡಬ್ಬಿಯನ್ನು ಬೋಗಿಗಳ ಮೇಲೆ ಕೂರಿಸಿ ಅಂದೇ ಕಳಿಸಬೇಕು. ಬ್ಯಾಗ್‌ಶಾ ಒಲ್ಲದ ಮನಸ್ಸಿನಿಂದ ಲೆನೋರಾಳನ್ನು ಕರೆದ. "ನಮ್ಮ ಮಾತಲ್ಲೇ ಕೂಗ್ಬೇಕು. ಕೆಡಿಸಿದ್ರೆ ಇನ್ಮೇಲೆ ಈ ವಿಷಯ ಎತ್ತಬಾರ್ದು, ಗೊತ್ತಾಯ್ತಾ?"

ಡಬ್ಬಿ ಮೇಲೆದ್ದಿತು, ಅದು ತಿರುಗದಂತೆ ನಾವು ಕೆಳಗಿನಿಂದ ಹಗ್ಗ ಹಿಡಿದೆವು. ಲೆನೋರಾ ಒಂದೊಂದು ಕೂಗಿಗೂ ನಮ್ಮ ಪದ ಹುಡುಕಬೇಕಾಯಿತು. ಅದು ಸಿಗುವಷ್ಟರಲ್ಲಿ ಡಬ್ಬಿ ತೂಗಾಡಿ ಜಾಗ ದಾಟಿರುತ್ತಿತ್ತು. ಎರಡನೇ ಸಲವೂ ಅದೇ ಪಾಡು.

"ಸಾಕು, ಬಾ ಈಚೆ" ಎಂದ ಬ್ಯಾಗ್‌ಶಾ.

ಆಗ ಕ್ರೇನಿನ ಮೇಲಿಂದ ವಿಲ್ಫ್ ಮಾತಾಡಿದ. "ಮೇಸ್ತ್ರಿ, ಸ್ವಲ್ಪ ತಡೀರಿ. ಅಕ್ಕಾ, ನಿನ್ನ ಮಾತಲ್ಲೇ ಕೂಗು."

"ನಿಮಗೆ ತಿಳೀಬೇಕಲ್ಲಪ್ಪ?"

"ಇಷ್ಟು ವರ್ಷ ಅಣಕಿಸಿದ್ದೀವಿ. ಒಂದೂ ಮರ್ತಿಲ್ಲ."

ಹೌದಲ್ಲ! ಆಡಿಕೊಳ್ಳುತ್ತಾ ಆಡಿಕೊಳ್ಳುತ್ತಾ ನಮಗೆಲ್ಲ ಅವಳ ಪದಗಳು ಬಾಯಿಪಾಠವಾಗಿದ್ದವು. ಬ್ಯಾಗ್‌ಶಾ ನಮ್ಮನ್ನು ನೋಡಿದ. ಅವಳ ಕೂಗಿಗೆ ಕಾದು ನಿಂತ ನಾವು ಒಬ್ಬರೂ ಹಗ್ಗ ಬಿಡಲಿಲ್ಲ. ಅವನು ಗೊಣಗುತ್ತಾ ಪಕ್ಕಕ್ಕೆ ಸರಿದ.

"ಎಂಡ್ ಸಿಲ್ ಎಡಕ್ಕೆ. ಇನ್ನೊಂಚೂರು. ಟ್ರಕ್ ಅಲ್ಲಾಡಬಾರ್ದು. ಇಳಿಸು ವಿಲ್ಫ್, ಇಳಿಸು, ಇಳಿಸು..."

ಎಂಥ ಗಂಟಲು ಅದು! ಎಲ್ಲೂ ತಡವರಿಕೆಯಿಲ್ಲ. ಅಷ್ಟು ದೊಡ್ಡ ಡಬ್ಬಿ ತೊಟ್ಟಿಲಿಗೆ ಇಳಿಸಿದ ಕೂಸಿನಂತೆ ಮೆಲ್ಲಗೆ ಕೂತಿತು.

ನಮ್ಮಲ್ಲಿ ಗೆದ್ದವರಿಗೆ ಚಪ್ಪಾಳೆ ತಟ್ಟುವುದಿಲ್ಲ, ಸುತ್ತಿಗೆಯಿಂದ ಕಬ್ಬಿಣ ಬಡಿಯುತ್ತೇವೆ. ಅಂದು ಪಕ್ಕದ ಶೆಡ್ಡಿನವರೂ ಕಾರಣ ಕೇಳದೆ ಬಡಿದರು. ನಾನಂತೂ ಕೈ ನೋಯುವ ತನಕ ಬಡಿದೆ. ಲೆನೋರಾ ಕಣ್ಣೀರನ್ನೂ ಒರೆಸಿಕೊಳ್ಳದೆ ನಗುತ್ತಿದ್ದಳು.

ಸದ್ದು ಅಡಗಿದ ಮೇಲೆ ಬ್ಯಾಗ್‌ಶಾ ಅವಳ ಹತ್ತಿರ ಬಂದ.

"ನಾಳೆ ಎರಡು ಡಬ್ಬಿ ಇದೆ. ಬೇಗ ಬಾರಮ್ಮ. ಬೇರೆಯವ್ರು ಕೂಗಿದ್ರೆ ಈ ನನ್ಮಕ್ಳು ಹಗ್ಗ ಮುಟ್ಟಲ್ಲ."