ಸೈಕಲ್ಲಿಗೆ ಅಡವಾಗಿ ಕೂತ ಅಜ್ಜಿ

ಮೊನ್ನೆ ಬಿಸಿಲಿಗೆ ಹಾಕೋಣವೆಂದು ಪೆಟ್ಟಿಗೆಯ ತಳದಿಂದ ಕರಿ ಕಂಬಳಿ ತೆಗೆದೆ. ಸೊಸೆ ಹತ್ತಿರ ಬಂದವಳು ಮೂಗು ಮುಚ್ಚಿಕೊಂಡಳು. "ಅತ್ತೆ, ಕಂಬಳಿಗೆ ಕುರಿ ವಾಸನೆ ಬಂದರೆ ಸರಿ. ಇದಕ್ಕೆ ಸೈಕಲ್ ಎಣ್ಣೆ ವಾಸನೆ ಯಾಕೆ? ಸೋಪು ಹಾಕಿ ಒಗೆದುಬಿಡಲಾ?" ಎಂದಳು. ಬೇಡ ಎಂದೆ. ಸ್ವಲ್ಪ ಗಟ್ಟಿಯಾಗಿಯೇ ಅಂದೆನೋ ಏನೋ, ಅವಳು ಒಳಗೆ ಹೋದಳು. ನಾನು ಕಂಬಳಿಯನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯಲ್ಲೇ ಕೂತೆ...

ನಮ್ಮದು ಕುಂದಾಪುರದ ಕಡೆ. ಆಗ ನಮ್ಮ ಜಿಲ್ಲೆಯೂ ಸೇಲಂ ಜಿಲ್ಲೆಯೂ ಮದ್ರಾಸಿನ ಕೆಳಗೇ ಇದ್ದವು. ಇವರಿಗೆ ಸಿಡುಬು ಬಾರದಂತೆ ದಾಕು ಚುಚ್ಚುವ ಕೆಲಸ ಸಿಕ್ಕಿ ಕಾರಿಮಂಗಲಕ್ಕೆ ಹಾಕಿದರು. ಸರಕಾರ ಒಂದೇ ಆದರೂ ನನಗದು ಪರದೇಶ. ಸುತ್ತ ಬೋಳು ಗುಡ್ಡ, ಕೆಂಪು ಧೂಳು, ಕಿವಿಗೆ ಬೀಳುವುದೆಲ್ಲ ತಮಿಳು. ಬಾಡಿಗೆಗೆ ಸಿಕ್ಕ ಮನೆಯ ಅಜ್ಜಿ ಕನ್ನಡದವಳಾಗಿದ್ದದ್ದು ದೇವರ ದಯೆ. ಕುರಿ ಸಾಕುವ ಜನ. ಅವಳ ಕನ್ನಡ ನನಗೆ, ನನ್ನ ಕನ್ನಡ ಅವಳಿಗೆ ಅರ್ಧ ತಿಳಿಯುತ್ತಿತ್ತು. ಅಷ್ಟಾದರೂ ತಿಳಿಯಿತಲ್ಲ ಎಂದು ದಿನಾ ಕೃಷ್ಣನಿಗೆ ಕೈಮುಗಿಯುತ್ತಿದ್ದೆ.

ಇವರು ಹಳ್ಳಿ ಹಳ್ಳಿ ತಿರುಗಿ ಮಕ್ಕಳಿಗೆ ದಾಕು ಹಾಕಬೇಕು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಹಳ್ಳಿಗಳು ಮುಗಿಯದಿದ್ದರೆ ಊರಿಗೆ ಗಂಟು ಕಟ್ಟು ಎಂದು ಮೇಲಿನವರು ಹೇಳಿಬಿಟ್ಟಿದ್ದರು. ಬಸ್ಸು ದೊಡ್ಡ ರಸ್ತೆಯಲ್ಲಿ ಮಾತ್ರ. ಸೈಕಲ್ ಬೇಕೇ ಬೇಕು. ಬಾಡಿಗೆ ಸೈಕಲ್ ಕೊಡುವ ಅಂಗಡಿ ಊರಿಗೆಲ್ಲ ಒಂದೇ.

ಆ ಅಂಗಡಿಯವನು ಹಣೆ ತುಂಬ ವಿಭೂತಿ ಬಳಿದುಕೊಂಡು, ಮುರುಗನ ಪಟಕ್ಕೆ ಕರ್ಪೂರ ಹಚ್ಚಿಯೇ ಬಾಗಿಲು ತೆಗೆಯುವ ಆಸಾಮಿ. ಹಿಂದೆ ಯಾರೋ ಹೊರಗಿನವನು ಸೈಕಲ್ ತೆಗೆದುಕೊಂಡು ಬೆಂಗಳೂರು ರಸ್ತೆ ಹಿಡಿದು ಹೋದವನು ತಿರುಗಿ ಬಂದಿರಲಿಲ್ಲವಂತೆ. "ಊರ್ ತೆರಿಯಾದ ಆಳುಕ್ಕು ಸೈಕಲ್ ಕಿಡೆಯಾದು" ಅಂದ. ಗುರುತಿಲ್ಲದವರಿಗೆ ಸೈಕಲ್ ಇಲ್ಲ, ಊರಿನವರೊಬ್ಬರು ಜಾಮೀನು ನಿಲ್ಲಬೇಕು. ಇವರು ಸರಕಾರದ ಚೀಲ ತೋರಿಸಿದರು, ದಾಕಿನ ಸೂಜಿ ತೋರಿಸಿದರು. ಅವನು ತಲೆಯನ್ನೇ ಎತ್ತಲಿಲ್ಲ. ಅಕ್ಕಪಕ್ಕದವರನ್ನು ಕೇಳಿದೆವು. ಎಲ್ಲರಿಗೂ ಅವತ್ತೇ ಎಲ್ಲೋ ಅರ್ಜೆಂಟ್ ಕೆಲಸ. ತವರಿನಲ್ಲಿ ಕೊಟ್ಟಿದ್ದ ಬೆಳ್ಳಿ ದೀಪವನ್ನು ಸೆರಗಿನಲ್ಲಿ ಕಟ್ಟಿಕೊಂಡು ನಾನೇ ಹೋದೆ. ಅವನು ದೀಪ ಕಂಡು ಎದ್ದು ನಿಂತು ಎರಡೂ ಕೈ ಮುಗಿದ. ದೇವರ ದೀಪ ಅಡ ಇಟ್ಟುಕೊಂಡರೆ ಪಾಪ, ಮನೆಗೆ ಒಯ್ಯಮ್ಮ ಅಂದ. ಸೈಕಲ್ ಮಾತ್ರ ಕೊಡಲಿಲ್ಲ! ಹಾಗಾದರೆ ನಾನೇ ಇಲ್ಲಿ ಕೂತಿರುತ್ತೇನೆ ಎಂದರೆ, ನೀನೂ ಹೊರಗಿನವಳೇ ತಾನೇ ಎಂದ. ಭಕ್ತಿವಂತನನ್ನು ಬಯ್ಯುವುದಾದರೂ ಹೇಗೆ? ಹಲ್ಲು ಕಚ್ಚಿಕೊಂಡು ಮನೆಗೆ ಬಂದು, ದೀಪವನ್ನು ದೇವರ ಮುಂದೆ ಇಟ್ಟು ಅತ್ತುಬಿಟ್ಟೆ.

ಅಜ್ಜಿ ಬಾಗಿಲಲ್ಲಿ ಉಣ್ಣೆ ನೂಲುತ್ತಾ ಕೂತಿದ್ದಳು. "ಯಾಕವ್ವಾ ಮೂಗು ಸೊರ ಸೊರ ಅಂತೀಯ?" ಎಂದು ಕೇಳಿದಳು. ಹೇಳಿದೆ. ಕದಿರನ್ನೂ ಉಣ್ಣೆಯ ಬುಟ್ಟಿಯನ್ನೂ ಕಂಕುಳಿಗೆ ಇರುಕಿಕೊಂಡು ಎದ್ದೇ ಬಿಟ್ಟಳು.

ಅಂಗಡಿಗೆ ಹೋಗಿ, ಇವರಿಗೆ ನಾನೇ ಜಾಮೀನು ಎಂದಳು. ಅಂಗಡಿಯವನು ಅದಕ್ಕೂ ಒಪ್ಪಲಿಲ್ಲ. ಹೆಂಗಸಿನ ಮಾತು ಜಾಮೀನಾಗುವುದಿಲ್ಲವಂತೆ.

"ಮಾತ್ ಬ್ಯಾಡ ಬುಡು, ನನ್ನೇ ಮಡಿಕ್ಕೋ" ಅಂದಳು ಅಜ್ಜಿ. "ನಿನ್ ಸೈಕಲ್ ಬರೋಗಂಟ ಈ ಕಲ್ ಮ್ಯಾಲೆ ಕುಂತಿರ್ತೀನಿ. ಏಳಲ್ಲ. ಸೈಕಲ್ ಬರ್ಲಿಲ್ವಾ, ನನ್ ಮನೆ ನಿಂದು. ಆಯ್ತಾ?"

ಅವನಿಗೆ ನಗು ಬಂತೋ ಸಿಟ್ಟು ಬಂತೋ... ಸೈಕಲ್ ಕೊಟ್ಟ. ಅಂದಿನಿಂದ ಅದೇ ವ್ಯವಸ್ಥೆ. ಬೆಳಿಗ್ಗೆ ಇವರು ಪೆಡಲ್ ತುಳಿದರೆ ಅಜ್ಜಿ ಅಂಗಡಿಯ ಮುಂದಿನ ಕಲ್ಲಿನ ಮೇಲೆ ಕೂತು ನೂಲುತ್ತಿದ್ದಳು. ಸಂಜೆ ಇವರು ಬಂದ ಮೇಲೆ ಅವನು ಚಕ್ರ ತಿರುಗಿಸಿ, ಬೆಲ್ ಬಾರಿಸಿ, ಸರಪಳಿ ಎಳೆದು, ಸೀಟು ತಟ್ಟಿ, ಆಮೇಲೆ "ಎಳುಂದಿರಿ ಪಾಟ್ಟಿ" ಅನ್ನಬೇಕು. ಏಳಜ್ಜಿ ಎಂದು. ಅವನ ಬಾಯಿಂದ ಆ ಮಾತು ಬರುವವರೆಗೆ ಅವಳು ಏಳುತ್ತಿರಲಿಲ್ಲ.

ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. ಅವಳು ಬಿಸಿಲಿನಲ್ಲಿ ಕೂತಿರುವಾಗ ನಾನು ನೆರಳಿನಲ್ಲಿ ಅನ್ನ ಬಸಿಯುವುದೆಂದರೆ ಏನು? ಮಧ್ಯಾಹ್ನ ಊಟ ಒಯ್ದರೆ, "ಅಡ ಇಟ್ಟ ಸಾಮಾನು ಉಣ್ತೈತೇನಮ್ಮಿ?" ಎಂದು ನಗುತ್ತಿದ್ದಳು. ಒತ್ತಾಯ ಮಾಡಿದರೆ ಎರಡು ತುತ್ತು. ಸಾಕಿನ್ನು, ಬೇರೆ ಏನಾದರೂ ಮಾಡೋಣ ಅಂದರೆ ಇವರು, "ಏನು ಮಾಡುವುದು, ನೀನೇ ಹೇಳು" ಎನ್ನುವರು. ನನಗೂ ತಿಳಿಯದು. ಸಿಟ್ಟೆಲ್ಲ ಪಾತ್ರೆಗಳ ಮೇಲೆ.

ಒಂದು ದಿನ ಇವರು ಬರಲೇ ಇಲ್ಲ. ದೀಪ ಹಚ್ಚುವ ಹೊತ್ತಾಯಿತು. ಓಡಿದೆ. ಅಂಗಡಿಯ ಮುಂದೆ ಜನ ಸೇರಿದ್ದರು.

"ಪಾಟ್ಟಿ, ನಿನ್ ಬಾಡಿಗೆಯವ್ನು ಅವ್ನೂರು ಸೇರ್ಕಂಡ! ಇನ್ ನೀನ್ ಇಲ್ಲೇ ಮೊಟ್ಟೆ ಇಡು!" ಎಂದು ಯಾರೋ ಕೂಗಿದರು.

"ಲೇ, ಎಂಡ್ತೀನ ಬುಟ್ಬುಟ್ಟು ಸೈಕಲ್ ಒತ್ಕಂಡ್ ಓಗಾಕೆ ಅವ್ನೇನ್ ಉಚ್ಚನೇನ್ಲಾ? ಅದೂ ಬ್ರೇಕಿಲ್ದಿರೋ ಸೈಕಲ್ಲು!" ಅಂದಳು ಅಜ್ಜಿ, ನೂಲುವುದು ನಿಲ್ಲಿಸದೆ.

ಜನ ನಕ್ಕರು. ನಾನು ನಗಲಿಲ್ಲ. ಮನೆಯನ್ನೇ ಮಾತಿಗೆ ಇಟ್ಟವಳಲ್ಲವೇ ಅವಳು! ಅಂಗಡಿಯವನಿಗೂ ಹಲಗೆ ಹಾಕಿ ಮನೆಗೆ ಹೋಗಬೇಕಿತ್ತು. ಅವನೇ ಬೇಡಿಕೊಂಡ, "ಪಾಟ್ಟಿ, ವೀಟ್ಟುಕ್ಕು ಪೋ." ಮನೆಗೆ ಹೋಗಲು ಹೇಳುತ್ತಿದ್ದಾನೆ, ಏಳಮ್ಮ ಎಂದು ನಾನೂ ಕೈ ಹಿಡಿದು ಎಳೆದೆ. "ಸೈಕಲ್ ಬಂತಾ? ಇಲ್ವಲ್ಲ. ಕೈ ಬುಡು" ಎಂದಳು. ಹರಕೆ ಹೊತ್ತುಕೊಳ್ಳುವುದೊಂದು ಬಿಟ್ಟು ನನಗೆ ಇನ್ನೇನೂ ಉಳಿದಿರಲಿಲ್ಲ.

ಆಮೇಲೆ ಇವರು ಬಂದರು. ನಡೆದುಕೊಂಡು. ಸೈಕಲ್ ಹೆಗಲ ಮೇಲಿತ್ತು. ಹಳ್ಳ ದಾಟುವಾಗ ಬಿದ್ದು ಮುಂದಿನ ಚಕ್ರ ಸೊಟ್ಟಗಾಗಿತ್ತು, ಮೊಣಕಾಲಲ್ಲಿ ರಕ್ತ. ಕಾಲು ಮುರಿಯಲಿಲ್ಲ, ಮಳೆ ಬರಲಿಲ್ಲ, ಅಷ್ಟು ಉಪಕಾರ ಮಾಡಿದ ದೇವರು. ಅಂಗಡಿಯವನು ಇವರ ಮೊಣಕಾಲು ನೋಡಲಿಲ್ಲ. ಲಾಟೀನು ಹಿಡಿದು ಚಕ್ರ ನೋಡಿದ, ಸರಪಳಿ ನೋಡಿದ, ಬೆಲ್ ಕೂಡ ಬಾರಿಸಿ ನೋಡಿದ. ನನಗೆ ಆ ಲಾಟೀನನ್ನು ಕಿತ್ತು ಬಿಸಾಡಬೇಕು ಅನ್ನಿಸಿತು. ಕೊನೆಗೆ ಅಂದ, "ಎಳುಂದಿರಿ ಪಾಟ್ಟಿ." ಅಜ್ಜಿಗೆ ಏಳಲಾಗಲಿಲ್ಲ. ಕಾಲು ಮರಗಟ್ಟಿತ್ತು. ಒಂದು ಕಡೆ ನಾನು, ಇನ್ನೊಂದು ಕಡೆ ಅವನೇ ಹಿಡಿದು ಎತ್ತಿದೆವು.

ಇಷ್ಟಾದ ಮೇಲೆ ನಂಬಿಕೆ ಬಂದೀತು ಅಂದುಕೊಂಡೆ. ಮರುದಿನ ಬೆಳಿಗ್ಗೆ ಇವರು ಹೋದರೆ ಅವನು ಬೇರೆ ಚಕ್ರ ಹಾಕಿ, ಸೈಕಲ್ ಒರೆಸಿ ನಿಲ್ಲಿಸಿದ್ದ. ಹ್ಯಾಂಡಲ್ ಮೇಲೆ ಕೈ ಇಟ್ಟುಕೊಂಡೇ ಕೇಳಿದ, "ಪಾಟ್ಟಿ ಎಂಗೇ?"

ಅಜ್ಜಿ ಎಲ್ಲಿ ಅಂತೆ! ಇವರು ಮನೆಗೆ ಬಂದು ಹೇಳಿದಾಗ ನಾನು ಕುದಿದುಹೋದೆ. ಅಜ್ಜಿ ಮಾತ್ರ ಬುಟ್ಟಿ ಎತ್ತಿಕೊಂಡು ಕುಂಟುತ್ತಾ ಹೊರಟಳು. "ಅವ್ನ್ ಗುಣ ಅವ್ನಿಗೈತೆ, ನನ್ ಮಾತು ನಂಗೈತೆ. ನೀನ್ಯಾಕವ್ವಾ ಉರ್ಕೊಂತೀಯ?"

ಹಾಗೇ ನಡೆಯಿತು. ಹಳ್ಳಿಗಳು ಮುಗಿದವು, ಕೆಲಸ ಕಾಯಂ ಆಯಿತು. ರಾಜ್ಯಗಳು ಬೇರೆ ಬೇರೆ ಆದ ವರ್ಷ ಇವರಿಗೆ ನಮ್ಮ ಜಿಲ್ಲೆಗೇ ವರ್ಗವಾಯಿತು. ಹೊರಡುವ ದಿನ ಅಜ್ಜಿ ಈ ಕಂಬಳಿ ತಂದು ಕೊಟ್ಟಳು. ಕಲ್ಲಿನ ಮೇಲೆ ಕೂತು ನೂಲಿದ್ದ ಉಣ್ಣೆಯನ್ನು ತಮ್ಮನ ಮನೆಯಲ್ಲಿ ನೇಯಿಸಿದ್ದಳು. "ನಿನ್ ಗಂಡ ತಿರುಗಿದ್ದೆಲ್ಲ ಇದ್ರಾಗೇ ಐತೆ, ಒದ್ಕೊಳಿ" ಅಂದಳು. ಅಂಗಡಿಯ ಎಣ್ಣೆ, ಟ್ಯೂಬಿನ ರಬ್ಬರು, ಎಲ್ಲ ಆ ನೂಲಿಗೆ ಹತ್ತಿಕೊಂಡಿತ್ತು. ಒಂದು ಸೀರೆ ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಈಗಲೂ ನೆನೆದರೆ ಸಿಟ್ಟು ಬರುತ್ತದೆ. ನಮಗೇನನ್ನೂ ಮಾಡಲು ಬಿಡಲಿಲ್ಲ ಅವಳು.

ಬಹಳ ವರ್ಷಗಳ ನಂತರ ಮಧುರೆಗೆ ಹೋಗುವಾಗ ಕಾರಿಮಂಗಲದಲ್ಲಿ ಇಳಿದೆವು. ಚೀಲದಲ್ಲಿ ಆ ಸಲವೂ ಒಂದು ಸೀರೆ ಇತ್ತು. ಅಜ್ಜಿ ಹೋಗಿ ಎಷ್ಟೋ ಕಾಲವಾಗಿತ್ತು. ಮನೆಯಲ್ಲಿ ತಮ್ಮನ ಮೊಮ್ಮಕ್ಕಳಿದ್ದರು, ತಮಿಳೇ ಮಾತಾಡಿದರು. ಸೈಕಲ್ ಅಂಗಡಿ ಸ್ಕೂಟರ್ ರಿಪೇರಿ ಅಂಗಡಿಯಾಗಿತ್ತು. ಆ ಅಂಗಡಿಯವನು ಹಣ್ಣು ಮುದುಕನಾಗಿ ಮೂಲೆಯಲ್ಲಿ ಸ್ಟೂಲಿನ ಮೇಲಿದ್ದ, ಹಣೆಯಲ್ಲಿ ಅದೇ ವಿಭೂತಿ. ಅವನಿಗೆ ಅನ್ನಬೇಕೆಂದು ಅಷ್ಟು ವರ್ಷ ಕೂಡಿಟ್ಟಿದ್ದ ಮಾತುಗಳು ನನ್ನ ಹತ್ತಿರವಿದ್ದವು.

ಅಷ್ಟರಲ್ಲಿ ಇವರು ಹೋಗಿ ಅಜ್ಜಿ ಕೂರುತ್ತಿದ್ದ ಆ ಕಲ್ಲಿನ ಮೇಲೆ ಕೂತುಬಿಟ್ಟರು. ಬಿಸಿಲು ನೆತ್ತಿಗೇರಿತ್ತು. ಬಸ್ಸಿನ ಹೊತ್ತಾಯಿತು, ನಾನು ಕರೆದೆ, ಏಳಲಿಲ್ಲ. ಮತ್ತೆ ಕರೆದೆ... ಮುದುಕ ನೋಡುತ್ತಿದ್ದವನು ಗೋಡೆ ಹಿಡಿದುಕೊಂಡು ಎದ್ದು ಬಂದ. ಇವರ ಭುಜದ ಮೇಲೆ ಕೈ ಇಟ್ಟ.

"ಎಳುಂದಿರಿ ಸಾರ್" ಅಂದ.

ಆಗ ಇವರು ಎದ್ದರು.

ಈಗ ಇವರೂ ಇಲ್ಲ. ಸಂಜೆಗೆ ಸೊಸೆಯೇ ಬಂದು ಕಂಬಳಿ ಮಡಿಸಲು ಒಂದು ತುದಿ ಹಿಡಿದಳು, ಒಗೆಯುವ ಮಾತು ಎತ್ತಲಿಲ್ಲ. ಅಲ್ಲಲ್ಲಿ ಹುಳ ತಿಂದಿದೆ. ಮೂಗಿಗೆ ಹಿಡಿದರೆ ಎಣ್ಣೆಯ ವಾಸನೆ ಇನ್ನೂ ಇದೆ. ಮೊದಲಿನಷ್ಟಿಲ್ಲ...