ಮಾಳದಾಚೆಯ ಸೀರೆ

ಮಾಳದಪುರದ ಯಜಮಾನ ರುದ್ರಸ್ವಾಮಿ ಹೂಂ ಅಂದರೆ ಮುಗಿಯಿತು, ಊಹೂಂ ಅಂದರೂ ಮುಗಿಯಿತು. ತಾಳವಾಡಿ ಸೀಮೆಯಲ್ಲಿ ಅವನಿಗೆ ಎದುರಾಡಿದವರು ಕಡಿಮೆ. ನಲವತ್ತೆರಡು ವರ್ಷ ಬಾಳಿದ ಹೆಂಡತಿ ಬಂಗಾರಮ್ಮನೂ ಎದುರಾಡಿದವಳಲ್ಲ. ಅವಳು ಬಾಯಿಬಿಟ್ಟು ಕೇಳಿದ್ದು ಒಂದೇ ಒಂದು, ಅದೂ ಹಾಸಿಗೆ ಹಿಡಿದ ಮೇಲೆ.

“ನಾ ಸತ್ರ ನನ್ ತಮ್ಮ ಸೀರ ತತ್ತಾನ. ಮಾಳದ ದಾರೀಲೇ ಬರಕ್ ಬುಡಿ. ಸುತ್ತಾಕುಸ್ಬ್ಯಾಡಿ.”

“ಆಯ್ತು ಕಣಮ್ಮಿ, ಮಲಿಕೊ,” ಅಂದಿದ್ದ. ಮಾತು ಕೊಟ್ಟಿದ್ದ.

ಮಾಳ ಅಂದರೆ ದನ ಮೇಯುವ ಬಯಲು, ಅಷ್ಟೇ. ಈಚೆಗೆ ತಮಿಳುನಾಡಿನ ಮಾಳದಪುರ, ಆಚೆಗೆ ಕರ್ನಾಟಕದ ಬೇವಿನಪುರ, ಅವಳ ತವರು. ನಡೆದರೆ ಹತ್ತು ನಿಮಿಷ. ಎರಡೂ ಕಡೆ ಅದೇ ಮಾತು, ಅದೇ ಮಾದಪ್ಪ, ಕೊಟ್ಟು ತಂದ ನೆಂಟಸ್ತಿಕೆ. ಆದರೆ ಎರಡು ಸರ್ಕಾರದ ನಕ್ಷೆಗಳು ಮಾತ್ರ ಒಂದನ್ನೊಂದು ಒಪ್ಪವು. ಎಂಟು ವರ್ಷದ ಹಿಂದೆ ಯಾರೋ ಗಡಿಕಲ್ಲು ಕಿತ್ತರು, ತಲೆಗಳು ಒಡೆದವು, ಕೇಸಾಯಿತು. ಆಚೆಯವರು ಒಮ್ಮೆ ಕಾಲಿಟ್ಟರೂ ಮಾಳ ಅವರದಾದಂತೆ ಅಂತ ವಕೀಲ ಹೆದರಿಸಿದ. ತೀರ್ಮಾನ ಆಗುವ ತನಕ ಅವರ ಒಂದು ನರಪಿಳ್ಳೆಯೂ ಇತ್ತ ಬರಕೂಡದು ಅಂತ ಕಟ್ಟಳೆ ಮಾಡಿದವನು ರುದ್ರಸ್ವಾಮಿಯೇ.

ಜಗಳ ಮಾಳದಲ್ಲೇ ಇದ್ದಿದ್ದರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು. ಸುತ್ತಣ ಏಳು ಹಳ್ಳಿ ಎರಡು ಪಾಲಾದವು. ಹೆಣ್ಣು ಕೊಟ್ಟು ತರುವುದು ನಿಂತಿತು. ಎಲ್ಲೋ ಕಾವೇರಿ ಗಲಾಟೆಯಾದರೆ ಇಲ್ಲಿ ಬಸ್ಸಿಗೆ ಕಲ್ಲು. ಪಕ್ಕದ ಪಣಕಹಳ್ಳಿಯ ಕೋಸು ಗಡಿಯಲ್ಲಿ ಗಾಡಿಯ ಮೇಲೇ ಕೊಳೆಯಿತು. ಆನೆ ತಡೆಯುವ ಕಂದಕ ತೋಡಲು ಬಂದವರು ಮಾಳದ ಅಂಚಿಗೆ ಕೆಲಸ ನಿಲ್ಲಿಸಿದರು, ಅದು ಯಾವ ರಾಜ್ಯದ್ದೆಂದು ಹೇಳುವವರಿರಲಿಲ್ಲ. ಆ ಸಂದಿನಲ್ಲಿ ನುಗ್ಗಿದ ಆನೆಗಳು ಎರಡೂ ಊರಿನ ಜೋಳ ತಿಂದವು. ಎರಡು ಕಡೆಯ ಅಧಿಕಾರಿಗಳು ವರ್ಷಕ್ಕೊಮ್ಮೆ ಸೇರಿ ಟೀ ಕುಡಿದು, ಕೈಕುಲುಕಿ, ಮುಂದಿನ ತಾರೀಖು ಹೇಳಿ ಹೋದರು. ಅಯ್ಯಯ್ಯೋ, ಅದೆಷ್ಟು ಟೀ! ಗೌರಿ ಹಬ್ಬ ಬಂದಾಗ ಬಂಗಾರಮ್ಮ ಹಿತ್ತಿಲ ಬೇಲಿ ಹತ್ತಿರ ನಿಂತು ತವರಿನ ಕಡೆ ನೋಡಿ ಒಳಗೆ ಬರುತ್ತಿದ್ದಳು.

ಆಷಾಢದ ಒಂದು ಬೆಳಿಗ್ಗೆ ಅವಳು ತೀರಿಹೋದಳು. ವಿಭೂತಿ ಹಚ್ಚಿ ಜಗಲಿಯ ಮೇಲೆ ಕೂರಿಸಿದರು. ತವರಿನ ಸೀರೆ ಉಡಿಸದೆ ಹೆಣ್ಣನ್ನು ಮಣ್ಣಿಗಿಡುವ ಪದ್ಧತಿ ಇಲ್ಲ. ತಮ್ಮ ಚಿಕ್ಕಬಸಪ್ಪ ಸೀರೆ ಹಿಡಿದು ಮಾಳದ ಆಚೆ ಅಂಚಿಗೆ ಬಂದು ನಿಂತಿದ್ದ. ಈಚೆ ಅಂಚಿಗೆ ರುದ್ರಸ್ವಾಮಿ ಹೋಗಿ ನಿಂತ. ಇಬ್ಬರ ಬೆನ್ನಿಗೂ ಅವರವರ ಊರು. ರುದ್ರಸ್ವಾಮಿಯ ಫೋನು ಬಡಿದುಕೊಂಡಿತು.

“ಬಾವ, ಬರ್ಲಾ?”

ಬಾ ಅನ್ನಲು ಬಾಯಿ ತೆರೆದ. ಅಷ್ಟರಲ್ಲಿ ಹಿಂದಿನಿಂದ ಚನ್ನಬಸವ, ಆ ಜಗಳದಲ್ಲಿ ತಲೆ ಒಡೆಸಿಕೊಂಡವನು, “ಯಜಮಾನ್ರೇ, ಇವತ್ತು ನೀವೇ ಬುಟ್ರ ನಾಳ ಕೋರ್ಟಲ್ಲಿ ನಾವೇನ್ ಏಳದು?” ಅಂದ.

ರುದ್ರಸ್ವಾಮಿ ಫೋನು ಕಿವಿಗೆ ಒತ್ತಿಕೊಂಡ. “ಚಿಕ್ಕಬಸಪ್ಪ, ಚೆಕ್‌ಪೋಸ್ಟ್ ಮೇಲ್ ಸುತ್ತಾಕಂಡ್ ಬಾರಪ್ಪ.”

“ಸುತ್ತಾಕಂಡ್ ಓದ್ರ ಮಾಳ ಬುಟ್ಕೊಟ್ಟಂಗೆ ಅಂತಾವ್ರ ನಮ್ಮೂರವ್ರು. ನಮ್ಮಕ್ಕುನ್ನ ಇದೇ ದಾರೀಲಿ ಕಳ್ಸುದ್ದು ಬಾವ ನಾವು.”

ಮಧ್ಯಾಹ್ನ ಮೂರು ಗಂಟೆಯ ತನಕ ಇಬ್ಬರೂ ನಿಂತೇ ಇದ್ದರು. ಆಮೇಲೆ ತಾಳವಾಡಿಯ ಅಂಗಡಿಯಿಂದ ತರಿಸಿದ ಸೀರೆ ಉಡಿಸಿ ಅವಳನ್ನು ಮಣ್ಣಿಗಿಟ್ಟರು. ಯಜಮಾನ ಗಟ್ಟಿ ಮನುಷ್ಯ ಅಂತ ಊರು ಹೊಗಳಿತು. ಥೂ, ಎಂಥ ಹೊಗಳಿಕೆ!

ಮೂರನೆಯ ದಿನ ಸಮಾಧಿಗೆ ಹಾಲುತುಪ್ಪ ಬಿಟ್ಟು ಬಂದವನು ಮನೆಗೆ ಹೋಗದೆ ನೆಟ್ಟಗೆ ಮಾಳಕ್ಕೆ ಇಳಿದ. ಯಾರೂ ತಡೆಯಲಿಲ್ಲ. ಹುಲ್ಲು ಸೊಂಟದ ತನಕ ಬೆಳೆದಿದ್ದರೂ ಕಾಲಿಗೆ ದಾರಿ ನೆನಪಿತ್ತು. ಬೇವಿನಪುರದ ಜಗಲಿಯಲ್ಲಿ ಕೂತಿದ್ದ ಚಿಕ್ಕಬಸಪ್ಪ ಅವನನ್ನು ಕಂಡು ಎದ್ದು, ಕಾಲಿಗೆ ನೀರು ಕೊಟ್ಟ.

“ಆ ಸೀರ ಕೊಡಪ್ಪ,” ಅಂದ ರುದ್ರಸ್ವಾಮಿ. “ಸಮಾದಿಗಾದ್ರೂ ಉಡ್ಸ್ತೀನಿ. ಅವ್ಳ್ಗ ಮಾತು ಕೊಟ್ಟಿದ್ದೆ ಕಣ್ಲಾ.”

ಚಿಕ್ಕಬಸಪ್ಪ ಒಳಗಿನಿಂದ ಸೀರೆ ತಂದ. ಹಸಿರು ಸೀರೆ, ಅಂಚಿಗೆ ಹಚ್ಚಿದ ಅರಿಸಿನ ಕುಂಕುಮ ಹಾಗೇ ಇತ್ತು. ಆದರೆ ಕೊಡಲಿಲ್ಲ, ಎದೆಗೆ ಅವುಚಿಕೊಂಡ.

“ಇಷ್ಟೇ ದಾರಿ, ಬಾವ. ಬಾ ಅಂದಿದ್ರ ಊರವ್ರ್ನ ಅಲ್ಲೇ ಬುಟ್ಟು ಒಬ್ನೇ ಬತ್ತಿದ್ದೆ. ಈಗ ಇದ ಯಾರ್ಗ ಉಡ್ಸ್ಲಿ?”

ರುದ್ರಸ್ವಾಮಿ ತೊಳೆದ ಕಾಲಲ್ಲೇ ಮೆಟ್ಟಿಲಿಳಿದು, ಬರಿಗೈಯಲ್ಲಿ ಅದೇ ದಾರಿ ಹಿಡಿದು ಹಿಂದಕ್ಕೆ ನಡೆದ.