ಪೊಲೀಸರಿಗೆ ಮನೆ ಹುಡುಕಿದ್ದು

ಆ ಮನೆ ಕೊಡಿಸಿದ್ದಕ್ಕೆ ನಾನು ತೆತ್ತಿದ್ದು ಒಂದು ತಿಂಗಳ ಬಾಡಿಗೆಯಷ್ಟು ಕಮಿಷನ್ ಮತ್ತು ಇಟ್ಟಮಡುವಿನ ಒಬ್ಬ ಮಾಲೀಕರ ಸ್ನೇಹ. ಕಮಿಷನ್ ಹೋಗಿದ್ದು ಮನೆಯೊಡತಿಯ ಚೌಕಾಸಿಯಿಂದ. ಸ್ನೇಹ ಹೋಗಿದ್ದು ಬಾಡಿಗೆಗೆ ಬಂದವರು ನಿಜ ಹೇಳಿದ್ದರಿಂದ.

ಕೊರೊನಾ ಮುಗಿದು ಬಾಡಿಗೆಗಳು ಮತ್ತೆ ಏರತೊಡಗಿದ್ದ ವರ್ಷ. ಬನಶಂಕರಿ ಸುತ್ತಮುತ್ತ ಮನೆ ಕೊಡಿಸುವ ಬ್ರೋಕರ್ ಕೆಲಸದಲ್ಲಿ ನಾನಾಗಲೇ ಪಳಗಿದ್ದೆ. ಒಂದು ಬೆಳಿಗ್ಗೆ ರಂಗಸ್ವಾಮಿಯವರು ಬಂದರು. ಕಾನ್‌ಸ್ಟೇಬಲ್ ಆಗಿ ಸೇರಿ ಎಎಸ್‌ಐ, ಅಂದರೆ ಸಹಾಯಕ ಸಬ್‌ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ಸರ್ವಿಸ್ ಪೂರ್ತಿ ಪೊಲೀಸ್ ಕ್ವಾರ್ಟರ್ಸ್‌ನಲ್ಲೇ ಕಳೆದಿತ್ತು. ಈಗ ಅದನ್ನು ಬಿಡಬೇಕಿತ್ತು. ಹೆಂಡತಿ ಸರೋಜಮ್ಮನವರಿಗೆ ಕಿಡ್ನಿ ಕೆಟ್ಟು ಡಯಾಲಿಸಿಸ್ ನಡೆಯುತ್ತಿತ್ತು. ಮೆಟ್ಟಿಲು ಹತ್ತಲಾಗದು. ಆಸ್ಪತ್ರೆಗೆ ಹತ್ತಿರವಾಗಿ ಗ್ರೌಂಡ್ ಫ್ಲೋರ್ ಮನೆಯೇ ಬೇಕು.

ನಮ್ಮ ಕಡೆ ಮಾಲೀಕರಲ್ಲಿ ಒಂದು ಅಲಿಖಿತ ನಿಯಮವಿದೆ: ಪೊಲೀಸರಿಗೂ ವಕೀಲರಿಗೂ ಮನೆ ಕೊಡುವುದಿಲ್ಲ. ಖಾಲಿ ಮಾಡಿಸುವುದು ಕಷ್ಟವೆಂಬ ಹೆದರಿಕೆ. ಅದಕ್ಕೇ ಗವರ್ನಮೆಂಟ್ ಸರ್ವಿಸ್ ಅಂತಷ್ಟೇ ಹೇಳಿ, ಕಾಯಿಲೆಯ ಮಾತು ಎತ್ತಲೇಬೇಡಿ ಎಂದು ಅವರಿಗೆ ಪಾಠ ಹೇಳಿಕೊಟ್ಟೆ. ತಲೆಯಾಡಿಸಿದರು. ಇಟ್ಟಮಡುವಿನ ಮನೆಯಲ್ಲಿ ಅಡ್ವಾನ್ಸ್ ಮಾತು ಮುಗಿದು ಇನ್ನೇನು ಕಾಫಿ ಬರಬೇಕು, ಮಾಲೀಕರನ್ನು ಕೇಳಿಯೇಬಿಟ್ಟರು.

"ಸಾರ್, ನಾನು ಪೊಲೀಸಲ್ಲಿದ್ದೋನು. ನಮ್ಮನೆಯವ್ರಿಗೆ ಹುಷಾರಿಲ್ಲ. ನಾಳೆ ಹೆಚ್ಚುಕಮ್ಮಿ ಆದ್ರೆ ಬಾಗ್ಲು ಮುಂದೆ ಮಲಗ್ಸೋಕೆ ಬಿಡ್ತೀರಾ?"

ಕಾಫಿ ಬರಲಿಲ್ಲ. ಗೇಟಿನ ಹೊರಗೆ ಮಾಲೀಕರು ನನ್ನನ್ನು ಬೈದದ್ದು ಇಲ್ಲಿ ಬರೆಯುವಂಥದ್ದಲ್ಲ.

ಸಿಟ್ಟು ನನಗೂ ಬಂತು. ಇದನ್ನು ಕೇಳಲೇಬೇಕಿತ್ತಾ ಅಂತ ಸ್ಕೂಟರಿನಲ್ಲಿ ಹಿಂದೆ ಕೂತಿದ್ದ ಅವರನ್ನು ಕೇಳಿದೆ. ಆಗ ಹೇಳಿದರು. ಬಿಟಿಎಂ ಲೇಔಟ್ ಕಡೆ ಡ್ಯೂಟಿಯಲ್ಲಿದ್ದಾಗ, ಅಪಘಾತದಲ್ಲಿ ತೀರಿಹೋದ ಬಾಡಿಗೆದಾರರೊಬ್ಬರ ದೇಹವನ್ನು ಪೋಸ್ಟ್‌ಮಾರ್ಟಂ ಮುಗಿಸಿ ತಂದರೆ ಮಾಲೀಕ ಗೇಟಿಗೆ ಬೀಗ ಹಾಕಿದ್ದನಂತೆ. ಮನೆಗೆ ಸೂತಕ ತಗುಲಬಾರದು ಅಂತ. ಆ ಮನುಷ್ಯನ ಹೆಂಡತಿ ಫುಟ್‌ಪಾತಿನ ಮೇಲೆಯೇ ಹೂವು ಹಾಕಿ ಕಳಿಸಿಕೊಟ್ಟಳಂತೆ.

"ಮೈಮೇಲೆ ಖಾಕಿ ಇತ್ತು. ಆದ್ರೂ ಗೇಟ್ ತೆಗ್ಸೋಕಾಗ್ಲಿಲ್ಲ ಕಣಪ್ಪ," ಎಂದರು.

ಇನ್ನೆರಡು ಮನೆಗಳಲ್ಲೂ ಅದೇ ಪ್ರಶ್ನೆ, ಅದೇ ಉತ್ತರ. ಕೊನೆಗೆ ಸಾರಕ್ಕಿಯ ಗೌರಮ್ಮ. ಕೆರೆ ಬಯಲಲ್ಲಿ ಸೊಪ್ಪು ಬೆಳೆಯುತ್ತಿದ್ದ ಮನೆತನ. ಈಗ ಮೂರಂತಸ್ತಿನ ಬಾಡಿಗೆ ಕಟ್ಟಡದ ಒಡತಿ. ರಂಗಸ್ವಾಮಿಯವರ ಪ್ರಶ್ನೆ ಕೇಳಿ, ಅವರೆಕಾಯಿ ಸುಲಿಯುತ್ತಲೇ ನನ್ನ ಕಡೆ ತಿರುಗಿದರು.

"ನೀನು ಇವ್ರತ್ರ ಕಮಿಷನ್ ಬಿಡು, ನಾನು ಹೆದ್ರಿಕೆ ಬಿಡ್ತೀನಿ."

ಅರ್ಧ ಕಮಿಷನ್ ಸಾಕು ಅಂದು ನೋಡಿದೆ.

"ಹಂಗಾದ್ರೆ ನಾನೂ ಅರ್ಧ ಹೆದ್ರಿಕೆ ಇಟ್ಕೊಳ್ಳಲಾ?"

ಬಿಟ್ಟೆ.

ಆಮೇಲೂ ಆ ಕಡೆ ಹೋದಾಗ ಮಾತಾಡಿಸಿಕೊಂಡು ಬರುತ್ತಿದ್ದೆ. ಗಣೇಶನ ಹಬ್ಬ, ದಸರಾ ಯಾವುದಕ್ಕೂ ಗಂಡ ಮನೆಯಲ್ಲಿರುತ್ತಿರಲಿಲ್ಲ ಎಂದು ಸರೋಜಮ್ಮ ನಗುತ್ತಲೇ ಹೇಳುತ್ತಿದ್ದರು. ಒಬ್ಬಳೇ ಮಗಳು ಸವಿತಾ ಅಪ್ಪನ ಜೊತೆ ಹೋಳಿಗೆ ತಿಂದದ್ದು ರಸ್ತೆಯಲ್ಲಿ, ಬ್ಯಾರಿಕೇಡ್ ಪಕ್ಕ ಡಬ್ಬಿ ಬಿಚ್ಚಿ. ಈಗ ಅದೇ ಅಪ್ಪ ಉಪ್ಪು ಕಮ್ಮಿ ಹಾಕಿ ಅಡುಗೆ ಮಾಡುವುದನ್ನು ಕಲಿತು, ಹೆಂಡತಿಗೆ ಬಡಿಸಿ, ತಾವೂ ಅದನ್ನೇ ಉಣ್ಣುತ್ತಿದ್ದರು.

ಒಂದು ವರ್ಷವೂ ತುಂಬಿರಲಿಲ್ಲ. ಡಯಾಲಿಸಿಸ್‌ಗೆ ಹೊರಡಲು ಆಟೊ ಕರೆತಂದು, ಹೆಂಡತಿಗೆ ಚಪ್ಪಲಿ ತೊಡಿಸಲು ಬಗ್ಗಿದ ರಂಗಸ್ವಾಮಿ ಅಲ್ಲೇ ಕುಸಿದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು.

ಗೌರಮ್ಮ ಫೋನ್ ಮಾಡಿದಾಗ, ಎಲ್ಲಿ ಮಾತು ಬದಲಾಗುತ್ತದೋ ಎಂಬ ಭಯದಲ್ಲೇ ಓಡಿದೆ. ಆಂಬುಲೆನ್ಸನ್ನು ಸೀದಾ ಚಿತಾಗಾರಕ್ಕೇ ಕಳಿಸಬಹುದಿತ್ತಲ್ಲ ಎಂದು ಮೇಲಿನ ಮಹಡಿಯವರು ಗೊಣಗುತ್ತಿದ್ದರು. ಗೌರಮ್ಮ ತಾವೇ ಗೇಟಿನ ಎರಡೂ ಬಾಗಿಲು ತೆರೆದು, ತಮ್ಮ ಮನೆಯ ಚಾಪೆ ತಂದು ಹಾಸಿದರು.

"ಮಾತು ಕೊಟ್ಟಿದ್ದೀನಿ. ಆಗ್ದೇ ಇರೋರು ಖಾಲಿ ಮಾಡ್ಬೋದು."



ಸವಿತಾ ತಾಯಿಯನ್ನು ಹೊರಗೆ ತಂದು ಕುರ್ಚಿಯಲ್ಲಿ ಕೂರಿಸಿದಳು. ಸರೋಜಮ್ಮ ತುಂಬ ಹೊತ್ತು ಗಂಡನ ಹಣೆ ಸವರಿದರು.

"ಬಂದೋಬಸ್ತ್ ಅಂದ್ರೆ ಎಲ್ರಿಗಿಂತ ಮುಂಚೆ ಹೋಗಿ ಜಾಗ ನೋಡೋರು. ಈಗ್ಲೂ ಹಂಗೇ ಹೋಗ್ಬಿಟ್ರು, ನೋಡಿ ಗೌರಮ್ಮ."

ಈ ಕೆಲಸ ನನಗೆ ಕಲಿಸಿದ್ದನ್ನು ಹೇಳುತ್ತೇನೆ. ಬಾಡಿಗೆ ಮನೆ ನೋಡುವಾಗ ನೀರು, ಪಾರ್ಕಿಂಗ್ ವಿಚಾರಿಸುವ ಹಾಗೆ ರಂಗಸ್ವಾಮಿಯವರ ಆ ಪ್ರಶ್ನೆಯನ್ನೂ ಅಡ್ವಾನ್ಸ್ ಕೊಡುವ ಮೊದಲೇ ಕೇಳಿ. ಕಾಯಿಲೆಯವರ ಎದುರಿಗಲ್ಲ, ಹೊರಗೆ ನಿಂತು ಕೇಳಿ. ಹೂಂ ಅಂದರೆ, ಬಾಡಿಗೆ ಒಂದಿಷ್ಟು ಜಾಸ್ತಿಯಾದರೂ ಆ ಮನೆಯನ್ನೇ ಹಿಡಿಯಿರಿ. ನೀವು ಮಾಲೀಕರಾಗಿದ್ದರೆ ಬ್ರೋಕರ್ ಬಾಯಲ್ಲಿ ಇಲ್ಲ ಅನ್ನಿಸಬೇಡಿ; ಕೇಳಿದವರ ಮುಖ ನೋಡಿ ನೀವೇ ಉತ್ತರ ಕೊಡಿ.